ನೀಲಿ ಹೂವಿನ ಟೈಲ್ಸ್

ಅಡುಗೆಮನೆಯ ನೆಲದ ನೀಲಿ ಹೂವಿನ ಟೈಲ್ಸ್ ತೀರಿಕೊಂಡ ಮೊದಲ ಹೆಂಡತಿಯ ಆಯ್ಕೆ. ಅದನ್ನು ಕಿತ್ತು ಹೊಸದು ಹಾಕಿಸಲೇಬೇಕೆಂದು ಎರಡನೆಯ ಹೆಂಡತಿ ಬಂದ ವಾರದಲ್ಲೇ ಹಠ ಹಿಡಿದಳು.

"ನಾನೇ ನಿಂತು ಕಟ್ಟಿಸಿದ ಮನೆ ಕಣೇ, ಒಡೆಯೋದು ಬೇಡ. ಅದರ ಮೇಲೇ ಹೊಸದು ಅಂಟಿಸಿಬಿಡೋಣ," ಎಂದ ಗಂಡ.

"ಅವಳ ಹೂವಿನ ಮೇಲೆ ನಿಂತು ನಾನು ಸಾರು ಕುದಿಸಲ್ಲ."

"ಕೆಳಗಿರೋದು ಯಾರಿಗೆ ಕಾಣುತ್ತೆ?"

"ಇದೆ ಅಂತ ನನಗೆ ಗೊತ್ತಿರುತ್ತಲ್ಲ!"

ಮರುದಿನ ಮೇಸ್ತ್ರಿ ಉಳಿ ಹಾಕಿ ಒಂದು ಟೈಲ್ಸ್ ಎಬ್ಬಿಸಿದ. ನೀಲಿಯ ಕೆಳಗೆ ಹಳದಿ ಟೈಲ್ಸ್ ಇತ್ತು. ಅದನ್ನೂ ಎಬ್ಬಿಸಿದ. ಹಳದಿಯ ಕೆಳಗೆ ಹಸಿರು.

ಗಂಡ ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದ.

"ರೀ," ಅವಳು ತಡೆದು ಕೇಳಿದಳು, "ನಿಜ ಹೇಳಿ, ನಾನು ಎಷ್ಟನೆಯವಳು?"