ಇಬ್ಬರ ಸಭೆ

ಹಿಂಬಾಗಿಲ ಚಿಲಕ ಸಣ್ಣಗೆ ಸದ್ದು ಮಾಡಿತು. ಚಾಪೆ ಹಾಸುತ್ತಿದ್ದ ಗುರುಶಾಂತಮ್ಮ ಅಲ್ಲೇ ನಿಂತಳು. ಅವಳು ನಡೆಸುವ ಕುಡಿತ ಬಿಡುವವರ ಸಭೆ ಶುರುವಾಗಲು ಇನ್ನೂ ಹೊತ್ತಿತ್ತು. ಬರುವವರೂ ಶಾಲೆಯ ಮುಂಬಾಗಿಲಿಂದಲೇ ಬರುತ್ತಿದ್ದರು.

ಒಳಗೆ ಬಂದವರು ವಕೀಲ ಮರಿಸ್ವಾಮಿ. ಅವಳಿಗೆ ಹೋದ ಉಸಿರು ಬಂದಂತಾಯಿತು.

ಮರಿಸ್ವಾಮಿಯವರ ಅಂಬಾಸಿಡರ್ ಕಾರಿನ ಡ್ರೈವರ್ ಮೌನಪ್ಪ. ಮಾನ್ವಿ ರಸ್ತೆಯಲ್ಲಿ ಆ ಕಾರು ಹಾಯ್ದು ಮಲ್ಲಟದ ಯಂಕೋಬ ಸತ್ತಿದ್ದ. ಆದರೂ ಮರಿಸ್ವಾಮಿ ಡ್ರೈವರನ ಕೈಬಿಡದೆ, ಫೀಸಿಲ್ಲದೆ ವಕಾಲತ್ತು ವಹಿಸಿದ್ದರು. ರಾಯಚೂರೆಲ್ಲ ಅವರನ್ನು ಹೊಗಳುತ್ತಿತ್ತು.

ಜಾಮೀನಿನ ಮೇಲೆ ಬಂದ ಮೌನಪ್ಪ ಇದೇ ಚಾಪೆಯ ಮೇಲೆ ಅತ್ತಿದ್ದ. "ಕುಡಿದಿದ್ದೆ ಯವ್ವಾ, ಏನೂ ನೆಪ್ಪಿಲ್ಲ. ಎಚ್ಚರಾದಾಗ ಸ್ಟೇರಿಂಗ್ ಮುಂದ ಇದ್ದೆ. ನನ್ನ ಚಪ್ಪಲಿ ಹಿಂದಿನ ಸೀಟಿನ ಕೆಳಗ ಬಿದ್ದಿದ್ವು. ನಾನ ಕೊಂದೀನಿ."

ಸಭೆಯಲ್ಲಿದ್ದ ಯಾರೋ ಆ ಮಾತನ್ನು ಹೊರಗೆ ಬಾಯಿಬಿಟ್ಟರು. ಮೌನಪ್ಪ ಹೇಳಿದ್ದೇನೆಂದು ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅವಳಿಗೆ ಸಮನ್ಸ್ ಬಂದಿತ್ತು.

"ಕಾನೂನು ಏನಂತದ, ವಕೀಲ್ರ?"

ಮರಿಸ್ವಾಮಿ ಏಲಕ್ಕಿ ಜಗಿಯುತ್ತ ಕುರ್ಚಿಯಲ್ಲಿ ಕೂತರು. "ವಕೀಲನ ಮುಂದ ಹೇಳಿದ್ದು ಗುಟ್ಟು. ಗಂಡ ಹೆಂಡ್ತಿ ಮುಂದ ಹೇಳಿದ್ದೂ ಗುಟ್ಟು. ನಿಮ್ಮ ಚಾಪಿ ಮ್ಯಾಲ ಹೇಳಿದ್ದಕ್ಕ ಆಸರ ಇಲ್ರೀ ಅಕ್ಕೋರ. ಜಡ್ಜ್ ಕೇಳಿದ್ರ ಹೇಳಬೇಕು, ಇಲ್ಲಾಂದ್ರ ಶಿಕ್ಷಾ."

"ಒಬ್ಬರ ಮಾತು ಹೊರಗ ಹಾಕಿದ್ರ ನಾಳಿಂದ ಇಲ್ಲಿ ಯಾರು ಬಾಯಿ ಬಿಡ್ತಾರ್ರೀ? ನಾ ಹೇಳಂಗಿಲ್ಲ."

"ಜೈಲಿಗೆ ಹಾಕಿದ್ರೂ?"

"ಹಾಕ್ಲಿ. ಅಡಿಗಿ ಮಾಡೋ ಕಾಟ ತಪ್ತದ."

ಅವರು ನಗಲಿಲ್ಲ. "ಹೇಳಿದವ ಎಂಥ ಪಾಪಿ ಆದ್ರೂ?"

"ಪುಣ್ಯವಂತರು ಗುಡಿಗೆ ಹೋಗ್ತಾರ್ರೀ. ಇಲ್ಲಿಗೆ ಬರಾವ್ರು ಪಾಪಿಗಳ."

ತನ್ನನ್ನು ಕಟಕಟೆಗೆ ತಯಾರು ಮಾಡುತ್ತಿದ್ದಾರೆಂದು ಅವಳಿಗೆ ಧೈರ್ಯ ಬಂತು. ಚಹಾ ಕೊಟ್ಟಳು. ಅವರು ಅದನ್ನು ಕುಡಿಯದೆ ಪಕ್ಕಕ್ಕಿಟ್ಟರು. ಪಾಪ, ಮೌನಪ್ಪನ ಚಿಂತೆ ಇವರಿಗೂ ಎಷ್ಟಿದೆ!

"ಸಭಾ ಅನ್ನಾಕ ಎಷ್ಟು ಮಂದಿ ಇರಬೇಕ್ರೀ?"

"ಹೇಳಾವ ಒಬ್ಬ, ಕೇಳಾವ ಒಬ್ಬ. ಇಬ್ಬರಿದ್ರ ಸಾಕು."

ಮರಿಸ್ವಾಮಿ ಮುಂಬಾಗಿಲ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಗುರುಶಾಂತಮ್ಮ ಗಟ್ಟಿ ಮನಸ್ಸು ಮಾಡಿದಳು. "ಪೊಲೀಸ್ರಿರಲಿ, ಜಡ್ಜ್ ಇರಲಿ, ಈ ಚಾಪಿ ಮ್ಯಾಲಿನ ಮಾತು ನಾ ಯಾರಿಗೂ ಹೇಳಂಗಿಲ್ಲ. ಆಣಿ ಮಾಡಿ ಹೇಳ್ತೀನಿ."

ಮರಿಸ್ವಾಮಿ ಎದ್ದರು. ಕರಿಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಕೆಳಗಿಳಿದು ಚಾಪೆಯ ಮೇಲೆ, ಅವಳೆದುರಿಗೆ ಕೂತರು.

"ಹಂಗಾದ್ರ ಸಭಾ ಶುರು ಮಾಡ್ರಿ. ನಾನೂ ಕುಡಿಯಾವನ, ಅಕ್ಕೋರ. ಅವತ್ತ ಕಾರು ನಡಸಿದವ ನಾನು."