ಎರಡು ಗ್ಲಾಸು ಪುನರ್ಪುಳಿ

ಮೀಂಜದ ಗುಡ್ಡದ ಏರಿನಲ್ಲಿ ದೀಪಶ್ರೀ ಸೈಕಲ್ಲನ್ನು ಗೇರುಮರಕ್ಕೆ ಒರಗಿಸಿ, ಇನ್ನು ತನ್ನಿಂದಾಗದು ಎಂದು ಕೆಂಪು ಕಲ್ಲಿನ ಮೇಲೆ ಕೂತಳು. ಏಪ್ರಿಲ್ ತಿಂಗಳ ಬಿಸಿಲಿಗೆ ಕಲ್ಲು ಕಾವಲಿಯಂತೆ ಕಾದಿತ್ತು. ಕೂತಷ್ಟೇ ಬೇಗ ಎದ್ದಳು. ಮುಂದೆ ಹೋಗಿದ್ದ ಶರತ್ಚಂದ್ರ ಸೈಕಲ್ ತಿರುಗಿಸಿಕೊಂಡು ಬಂದ.

“ಇನ್ನು ಸ್ವಲ್ಪವೇ ಉಂಟು. ಮೇಲೆ ಹೋದರೆ ಸಮುದ್ರ ಕಾಣ್ತದೆ.”

“ನೋಡೋದಕ್ಕೆ ನಾನು ಉಳಿದಿರಬೇಕಲ್ಲ!”

ಹೊರಡೋಣ ಎಂದು ಹಟ ಹಿಡಿದವಳು ಅವಳೇ, ಆದ್ದರಿಂದ ಗಂಡನನ್ನು ಬೈಯುವಂತಿರಲಿಲ್ಲ. ಮದುವೆಯಾಗಿ ತುಮಕೂರಿನಿಂದ ಮಂಜೇಶ್ವರಕ್ಕೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಗಂಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು, ಮಾತನ್ನೂ ಲೆಕ್ಕ ಹಾಕಿಯೇ ಆಡುವವನು. ಮೊನ್ನೆ ಸೈಕಲ್ ಇಡುವ ಕೆಳಗಿನ ಕೋಣೆಯನ್ನು ಖಾಲಿ ಮಾಡಿಸಿ ಸುಣ್ಣ ಬಳಿಸಿದ. ಯಾಕೆ ಎಂದು ಕೇಳಿದರೆ “ಬೇಕಾಗ್ತದೆ” ಎಂದಷ್ಟೇ ಉತ್ತರ. ಮಕ್ಕಳಿಗೆ ಪಾಠ ಹೇಳಲಿಕ್ಕಿರಬೇಕು ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಇಂಥವನ ಹತ್ತಿರ ಮನೆಯಲ್ಲಿ ಕೇಳಲಾಗದ್ದನ್ನು ಗುಡ್ಡದ ಮೇಲಾದರೂ ಕೇಳಿಬಿಡಬೇಕೆಂದು ಹೊರಟಿದ್ದಳು. ತುಮಕೂರಿನಲ್ಲಿ ಅಮ್ಮ ಬಾಡಿಗೆ ಮನೆ ಬಿಡಬೇಕಾಗಿತ್ತು. ಮಂಡಿ ನೋವಿನ ಹೆಂಗಸು ಒಬ್ಬಳೇ ಎಲ್ಲಿಗೆ ಹೋದಾಳು? ಇಲ್ಲಿಗೇ ಬರಲಿ ಎನ್ನಬೇಕು. ಹಾಗೆ ಕೇಳುವ ಧೈರ್ಯಕ್ಕೆ ಅವಳಲ್ಲಿದ್ದದ್ದು ಹಿಂದೆ ಅವನೇ ಆಡಿದ ಒಂದು ಮಾತು.

ಮಂಗಳೂರಿನಲ್ಲಿ ನೆಂಟರ ಮದುವೆ. ಹಿರಿಯರು “ನೀವಿಬ್ಬರೂ ಮಾತಾಡಿಕೊಳ್ಳಿ” ಎಂದು ಮದುವೆ ಹಾಲಿನ ಮೂಲೆಯಲ್ಲಿ ಬಿಟ್ಟುಹೋದಾಗ ಅವನು ಮೊದಲು ಕೇಳಿದ್ದು, “ನಿಮಗೆ ಆಸರೆಗೆ ಎಂತ ಬೇಕು?” ಅಪ್ಪ ತೀರಿಕೊಂಡ ವರ್ಷ ಅದು. ಸಂಬಳ ಎಷ್ಟು, ಅಡುಗೆ ಬರುತ್ತದೆಯಾ ಎಂದು ಕೇಳುವ ಗಂಡುಗಳನ್ನೇ ಕಂಡಿದ್ದವಳಿಗೆ ಕಣ್ಣು ತುಂಬಿ ಬಂತು. “ಅಮ್ಮ ಒಬ್ಬರೇ ಇದ್ದಾರೆ. ಮುಂದೆ ಅವರು ನನ್ನ ಜೊತೆಗೇ ಇರಬೇಕು. ಅಷ್ಟು ಸಾಕು” ಎಂದಿದ್ದಳು. ಅವನು ಒಂದು ಗಳಿಗೆ ಅವಳ ಮುಖವನ್ನೇ ನೋಡಿ, “ಆಯ್ತು” ಎಂದ. ಎದ್ದುಹೋಗಿ ಎರಡು ಗ್ಲಾಸು ಪುನರ್ಪುಳಿ ಶರಬತ್ತು ತಂದ. ಆ ಹುಳಿಸಿಹಿ ಕೆಂಪು ಶರಬತ್ತು ಗಂಟಲಲ್ಲಿ ಇಳಿಯುವಷ್ಟರಲ್ಲಿ ಅವಳು ಮನಸ್ಸಿನಲ್ಲೇ ಮದುವೆಗೆ ಒಪ್ಪಿಯಾಗಿತ್ತು.

ಈಗ ಬಾಟಲಿಯಲ್ಲಿ ಒಂದು ಹನಿ ನೀರೂ ಉಳಿದಿರಲಿಲ್ಲ. ಇಬ್ಬರೂ ಸೈಕಲ್ ತಳ್ಳಿಕೊಂಡು ದಾರಿಬದಿಯ ಮನೆಯೊಂದರ ಅಂಗಳಕ್ಕೆ ಹೋದರು. ಅಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗಿಸುತ್ತಿದ್ದ ಗಂಗಕ್ಕ ಅವನಿಗೆ ಗುರುತಿನವಳು.

“ಎಂತ ಮಾಸ್ಟ್ರೇ, ಈ ಬಿಸಿಲಿಗೆ ಹೊಸ ಮದುಮಗಳ ಹತ್ರ ಸೈಕಲ್ ತುಳಿಸುದಾ? ಬನ್ನಿ, ಕೂತ್ಕೊಳ್ಳಿ.” ಗಂಗಕ್ಕ ದೀಪಶ್ರೀಯತ್ತ ತಿರುಗಿದಳು. “ನಿನಗೆ ಆಸರಿಗೆ ಎಂತ ಬೇಕು ಮಗಾ?”

ದೀಪಶ್ರೀ ಬೆಚ್ಚಿದಳು. “ಏನಂದ್ರಿ?”

“ಆಸರಿಗೆ! ಮಜ್ಜಿಗೆ ಆದೀತಾ, ಬೆಲ್ಲ ನೀರು ತರ್ಲಾ? ಗುಡ್ಡ ಕೊರೆದ ಸುರಂಗದ ನೀರು, ತಣ್ಣಗೆ ಉಂಟು.”

“ಆಸರು ಅಂದ್ರೆ?”

“ಬಾಯಾರಿಕೆ ಮಾರಾಯ್ತಿ! ನಿಮ್ಮ ಊರಲ್ಲಿ ಯಾರಿಗೂ ಆಸರಾಗುದಿಲ್ವಾ?” ನಗುತ್ತಾ ಗಂಗಕ್ಕ ಒಳಗೆ ಹೋದಳು.

ದೀಪಶ್ರೀಗೆ ನಗು ಬರಲಿಲ್ಲ. ಆವತ್ತು ಅವನು ಕೇಳಿದ್ದು ಕುಡಿಯಲು ಏನು ಬೇಕು ಎಂದು. ಶರಬತ್ತಿನ ಪ್ರಶ್ನೆಗೆ ತಾನು ಅಮ್ಮನನ್ನು ಎಳೆದು ತಂದಿದ್ದಳು! ಅವನ “ಆಯ್ತು” ಎಂಬುದೂ ಶರಬತ್ತು ತರಲು ಎದ್ದುಹೋಗುವವನ ಆಯ್ತು ಅಷ್ಟೇ. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇನ್ನು ಯಾವ ಬಾಯಿಂದ ಅಮ್ಮನ ವಿಷಯ ಎತ್ತುವುದು? ಆದರೂ ಒಳಗಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

“ಆವತ್ತು ಮದುವೆ ಹಾಲಲ್ಲಿ ನೀವು ಕೇಳಿದ್ದು ಏನು ಕುಡೀತೀರಿ ಅಂತ ಅಲ್ವಾ? ನನಗೆ ಅದು ಆಸರೆ ಅಂತ ಕೇಳಿಸ್ತು.”

ಅವನು ನಕ್ಕರೆ ಅತ್ತೇಬಿಡುತ್ತೇನೆ ಎಂದು ಅವಳಿಗನಿಸಿತು. ಅವನು ನಗಲಿಲ್ಲ. ಬೈರಾಸಿನಿಂದ ಕತ್ತು ಒರೆಸಿಕೊಂಡ.

“ಹಾಗಾ! ಆಸರಿಗೆ ಕೇಳಿದ್ರೆ ಈ ಹುಡುಗಿ ಅಮ್ಮನ ವಿಷಯ ಯಾಕೆ ಹೇಳಿದ್ಳು ಅಂತ ನಾನೂ ತುಂಬಾ ಆಲೋಚನೆ ಮಾಡಿದ್ದೆ.”

“ಮತ್ತೆ ಆಯ್ತು ಅಂದದ್ದು?”

“ಅಮ್ಮ ಜೊತೆಗಿರಬೇಕು ಅಂತ ನೀನು ಹೇಳಿದ್ದಕ್ಕೆ.” ಇದರಲ್ಲಿ ಕೇಳಲಿಕ್ಕೆ ಎಂತ ಉಂಟು ಎಂಬಂತೆ ಅವಳನ್ನು ನೋಡಿದ. “ಕೆಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದು ಯಾಕೆ ಅಂತ ಎಣಿಸಿದ್ದಿ? ಮಂಡಿ ನೋವಿನವರಿಗೆ ಮೆಟ್ಟಿಲು ಆಗ್ತದಾ?”

ಗಂಗಕ್ಕ ಬೆಲ್ಲದ ತುಂಡು, ಎರಡು ಲೋಟ ನೀರು ತಂದಿಟ್ಟು ಹಪ್ಪಳ ಮಗುಚಲು ಹೋದಳು. ಶರತ್ಚಂದ್ರ ಒಂದು ಲೋಟವನ್ನು ಹೆಂಡತಿಯ ಕೈಗೆ ಕೊಟ್ಟ.

“ಆದರೆ ಆವತ್ತು ಆಸರಿಗೆ ಎಂತ ಬೇಕು ಅಂತ ನೀನು ಕಡೆಗೂ ಹೇಳಲೇ ಇಲ್ಲ” ಎಂದ. “ಪುನರ್ಪುಳಿ ನನ್ನ ಅಂದಾಜು.”