ಹುತ್ತದ ಮಣ್ಣು

“ಹುತ್ತ ಎಲ್ಲಿ ಅಳಿಯಗಾರೂ?”

ತೆಲುಗರ ನಾಗರಚೌತಿಯಾದ ನಾಗುಲ ಚವಿತಿಯ ಬೆಳಿಗ್ಗೆ, ಹಿಂದಿನ ರಾತ್ರಿ ಕತ್ತಲಲ್ಲಿ ಬಂದಿಳಿದಿದ್ದ, ಈಗ ಹಾಲಿನ ತಂಬಿಗೆ ಹಿಡಿದು ಅಂಗಳಕ್ಕಿಳಿದ ಅತ್ತೆ ಕೋಟೇಶ್ವರಮ್ಮ ಹೀಗೆ ಕೇಳಿದಾಗ ಈಶ್ವರಯ್ಯ ಕಾರು ಒರೆಸುವುದನ್ನು ನಿಲ್ಲಿಸಿದ. ವರ್ಷವರ್ಷವೂ ಈ ಹುತ್ತಕ್ಕೆ ತನಿ ಎರೆಯಲೆಂದೇ ವಿಜಯವಾಡದ ಭವಾನಿಪುರಂನಿಂದ ರೈಲು ಹತ್ತಿ ವಿಶಾಖಪಟ್ಟಣದ ಮಧುರವಾಡಕ್ಕೆ ಬರುವ ಜೀವ ಅದು. ಸೀತಾಫಲದ ಬುಡದಲ್ಲಿ ಎದೆಯೆತ್ತರಕ್ಕೆ ಬೆಳೆದಿದ್ದ ಹುತ್ತ ಗಿಡದ ಸಮೇತ ಮಾಯವಾಗಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ಟೈಲ್ಸು. ಬಗ್ಗಿ ನೋಡಿ ತಲೆ ಬಾಚಿಕೊಳ್ಳಬಹುದು, ಅಷ್ಟು ನುಣುಪು. ಬ್ಯಾಂಕಿನ ಕೆಲಸಕ್ಕೆ ತುಮಕೂರಿನಿಂದ ಬಂದು ಇಲ್ಲೇ ಬೇರುಬಿಟ್ಟ ಈಶ್ವರಯ್ಯನಿಗೆ ಕಾರಿನ ಚಕ್ರಕ್ಕೆ ಕೆಸರು ತಾಗಿದರೆ ಕೆನ್ನೆಗೇ ತಾಗಿದಂತಾಗುತ್ತಿತ್ತು.

ಆದರೆ ಪಾಲಿಕೆಯವರದ್ದೊಂದು ನಿಯಮವಿತ್ತು: ಅಂಗಳದಲ್ಲಿ ಒಂದಿಷ್ಟು ಮಣ್ಣು ಬಿಡಬೇಕು, ಮಳೆನೀರಿಗೆ ಇಂಗುಗುಂಡಿ ತೋಡಬೇಕು, ಆಮೇಲಷ್ಟೇ ಮಹಡಿಗೆ ಒಪ್ಪಿಗೆ. ಮಗಳು ಧನ್ಯಾಳ ಹಲ್ಲಿನ ಆಸ್ಪತ್ರೆಗೆ ಆ ಮಹಡಿ ಬೇಕೇಬೇಕು. ಈಶ್ವರಯ್ಯ ಮಣ್ಣಿನ ಬದಲು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಾಸಿದ. ಗುಂಡಿಯ ಬದಲು ತೂತುಗಳ ಮುಚ್ಚಳವೊಂದನ್ನು ಕೂರಿಸಿದ. ಅದರಡಿ ನಾಲ್ಕು ಬೆರಳು ಜಲ್ಲಿ, ಜಲ್ಲಿಯಡಿ ಗಟ್ಟಿ ಕಾಂಕ್ರೀಟು. ಪಾಲಿಕೆಯವರು ಅದನ್ನು ನೋಡಲು ಬರಬೇಕಾದ ದಿನವೂ ಇವತ್ತೇ.

“ಹುತ್ತ ಎಲ್ಲಿ ಹೋಗುತ್ತೆ ಅತ್ತಯ್ಯಗಾರೂ? ಮೇಲಿನದು ಮಳೆಗೆ ಕರಗಿತು, ಬುಡ ಈ ಮುಚ್ಚಳದ ಕೆಳಗೇ ಇದೆ. ನಾಗಪ್ಪ ಓಡಾಡಲಿ ಅಂತಲೇ ತೂತು ಬಿಡಿಸಿದೀನಿ!”

ಒಂದೇ ಸುಳ್ಳಿನಲ್ಲಿ ಸರ್ಕಾರವನ್ನೂ ದೇವರನ್ನೂ ಸಾಗಹಾಕಿದೆನೆಂದು ಅವನಿಗೆ ಒಳಗೊಳಗೇ ನಗು. ಮುದುಕಿ ನಂಬಿ, ಮುಚ್ಚಳಕ್ಕೆ ಅರಿಶಿನ ಕುಂಕುಮವಿಟ್ಟರು. ಸುದ್ದಿ ಕೇಳಿ ಬೀದಿಯ ಹೆಂಗಸರೂ ತಂಬಿಗೆ ಹಿಡಿದು ಬಂದರು. ಅವರ ಅಂಗಳಗಳೂ ಟೈಲ್ಸೇ ಅಲ್ಲವೇ, ಪಾಪ!

ಆ ಹೊತ್ತಿಗೆ ಪಾಲಿಕೆಯ ಸಾಯಿಕಿರಣ್ ಗೇಟು ತೆಗೆದ. ಎಲ್ಲೋ ನಿಜವಾದ ಗುಂಡಿ ನೋಡಿ ಬಂದಿದ್ದನೇನೋ, ಬೂಟಿಗೆ ಕೆಂಪು ಕೆಸರು ಮೆತ್ತಿತ್ತು. “ಪೂಜೆ ನಡೀತಿದೆ ಸಾರ್, ಬೂಟು ಅಲ್ಲೇ ಬಿಟ್ಟುಬಿಡಿ,” ಎಂದ ಈಶ್ವರಯ್ಯ. ಕಣ್ಣು ಮಾತ್ರ ಟೈಲ್ಸಿನ ಮೇಲಿತ್ತು.

ಹೆಂಗಸರು ಎರೆದರು. ಹಾಲು ತೂತುಗಳಲ್ಲಿ ಇಳಿಯಿತು, ನಿಂತಿತು, ಗುಳುಗುಳು ಎಂದು ಮೇಲೆದ್ದು ಟೈಲ್ಸಿನ ಮೇಲೆ ಹರಿದು ಸಾಯಿಕಿರಣನ ಸಾಕ್ಸು ತೋಯಿಸಿತು.

“ಏನ್ಸಾರ್, ತಂಬಿಗೆ ಹಾಲನ್ನೇ ಕುಡಿಯದ ಗುಂಡಿ ಮಳೆ ಕುಡಿಯುತ್ತಾ?”

“ನಾಗಪ್ಪನಿಗೆ... ಹೊಟ್ಟೆ ತುಂಬಿರಬೇಕು ಸಾರ್.”

“ಹಾಗಿದ್ರೆ ಹಸಿವಾದಾಗ ಕರೀರಿ, ಬರ್ತೀನಿ. ಅಲ್ಲೀವರೆಗೆ ಮಹಡಿ ಮಾತು ಎತ್ತಬೇಡಿ,” ಎಂದು ಸಾಯಿಕಿರಣ್ ಮುಚ್ಚಳದ ಫೋಟೊ ಹೊಡೆದುಕೊಂಡ.

ಕೋಟೇಶ್ವರಮ್ಮ ಬೀದಿಯ ಚರಂಡಿಗೆ ಹೋಗುತ್ತಿದ್ದ ಹಾಲಿಗೊಮ್ಮೆ ಕೈಮುಗಿದರು. ತನಿ ಎರೆದ ಮೇಲೆ ಹುತ್ತದ ಒದ್ದೆ ಮಣ್ಣನ್ನು ಎಲ್ಲರ ಕಿವಿಗೂ ಹಚ್ಚದೆ ಪೂಜೆ ಮುಗಿಯುವುದಿಲ್ಲ. ಅಂಗಳವನ್ನೆಲ್ಲ ಕಣ್ಣಲ್ಲೇ ಹುಡುಕಿದರು. ಉಗುರಿಗೂ ಮಣ್ಣು ಸಿಗಲಿಲ್ಲ. ಮೆಲ್ಲಗೆ ಗೇಟಿನ ಬಳಿ ಹೋಗಿ, ಕೂತು, ಸಾಯಿಕಿರಣನ ಬೂಟಿನಡಿಯಿಂದ ಒಂದು ಚಿಟಿಕೆ ಕೆಸರು ಕೆರೆದುಕೊಂಡು ಬಂದರು.

“ಇದು ನಮಗೆಲ್ಲ ಮೈಲಿಗೆ. ನಿಮ್ಮ ಕಿವಿಗೆ ಸಾಕು. ಸ್ವಲ್ಪ ಬಗ್ಗಿ ಅಳಿಯಗಾರೂ,” ಎಂದರು.